ನಮ್ಮ ಹಸುವಿನ ಮೇಲಿನ ಆರೋಪ

ತೊಂಬತ್ತರ ದಶಕದಲ್ಲಿ, ಚಾಮರಾಜನಗರದ ಕಾಲೇಜಿನಲ್ಲಿ ಓದುತ್ತಿದ್ದಾಗ, ನಾನು ದೇವರು, ದೆವ್ವ, ಜಾತಕ ಯಾವುದನ್ನೂ ನಂಬುತ್ತಿರಲಿಲ್ಲ. ನಂಬಿದ್ದು ನನ್ನ ಹೊಟ್ಟೆಯೊಂದನ್ನೇ. ಅದೇ ಕೈಕೊಟ್ಟಿತು. ಚರ್ಚಾಸ್ಪರ್ಧೆಯ ವೇದಿಕೆ ಹತ್ತಿ ‘ಅಧ್ಯಕ್ಷರೇ’ ಎನ್ನುವಷ್ಟರಲ್ಲಿ ಒಳಗೆ ಗುಡುಗು. ಒಮ್ಮೆ ಎದುರಾಳಿಯ ವಾದವನ್ನು ಅರ್ಧ ಸೀಳಿ, ಉಳಿದರ್ಧವನ್ನು ಅಲ್ಲೇ ಬಿಟ್ಟು ಕಕ್ಕಸಿಗೆ ಓಡಿದ್ದೆ. ಸೋಲಿಗೆ ಹೆದರಿ ಓಡಿದಳೆಂದು ಸಭೆ ಚಪ್ಪಾಳೆ ತಟ್ಟಿತು. ಮೇಷ್ಟ್ರು ಕರೆದು, “ಗುಂಡ್ಲುಪೇಟೆ ಸ್ಪರ್ಧೇಲೂ ಹಿಂಗೇ ಆದ್ರೆ ತಂಡದಲ್ಲಿ ನಿನ್ ಜಾಗ ಬೇರೆಯೋರಿಗೆ ಕಣಮ್ಮ” ಎಂದರು.

ಉಮ್ಮತ್ತೂರಿನ ನಮ್ಮ ಮನೆಯಲ್ಲಿ ತನಿಖೆ ಶುರುವಾಯಿತು. ತನಿಖಾಧಿಕಾರಿ ಅಜ್ಜಿ.

“ಜನುದ್ ಕಣ್ಣು ಕಣಮ್ಮಿ. ಗಂಡುಡುಗ್ರ ಮುಂದ ನಿಂತ್ಕಂಡು ಅಷ್ಟುದ್ದ ಮಾತಾಡುದ್ರ ಇನ್ನೇನಾದದು?”

ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟು ಬರಲಿಲ್ಲ, ಆದ್ದರಿಂದ ದೃಷ್ಟಿ ನಿಜ ಎಂದಳು.

“ಘಾಟು ಬಂದಿದ್ರೆ?”

“ಇನ್ನೂ ಬುಟ್ಟಿಲ್ಲ ಅಂತ.”

ಇಂಥ ವಾದವನ್ನು ಸೋಲಿಸುವ ತರಬೇತಿ ನಮ್ಮ ಕಾಲೇಜಿನಲ್ಲಿ ಇರಲಿಲ್ಲ.

ದೃಷ್ಟಿ ತೆಗೆದರೂ ಗುಡುಗು ನಿಲ್ಲದಿದ್ದಾಗ ಎರಡನೆಯ ಆರೋಪಿ ಸಿಕ್ಕಿತು: ಉಷ್ಣ. ಹುರುಳಿಕಾಳು, ಬದನೆಕಾಯಿ, ಹುಣಸೆಹುಳಿ, ಖಾರ ಎಲ್ಲ ನನ್ನ ತಟ್ಟೆಯಿಂದ ಗಡೀಪಾರಾದವು. ಉಳಿದದ್ದು ಸಪ್ಪೆ ಅನ್ನ, ಹೊಟ್ಟೆ ತಂಪಾಗಲೆಂದು ಲೋಟದ ತುಂಬ ನಮ್ಮ ಹಸುವಿನ ಹಾಲು. ಸ್ಪರ್ಧೆಯ ದಿನ ಗಂಟಲಿಗೆಂದು ಕಾಳುಮೆಣಸು ಹಾಕಿದ ಇನ್ನೊಂದು ಲೋಟ. ಒಳ್ಳೆಯ ಕೆಲಸಕ್ಕೆ ಹೊರಟವರು ಹಾಲು ಕುಡಿದೇ ಹೊಸಿಲು ದಾಟಬೇಕೆಂಬುದು ಮೊದಲಿನಿಂದಲೂ ಅಜ್ಜಿಯ ಕಾನೂನು. ಹೊಟ್ಟೆ ಕೆಟ್ಟಷ್ಟೂ ಹಾಲು ಹೆಚ್ಚಿತು, ಹಾಲು ಹೆಚ್ಚಿದಷ್ಟೂ ಹೊಟ್ಟೆ ಕೆಟ್ಟಿತು.

ಆ ನಡುವೆ ರಜೆಗೆ ಬೇಗೂರಿನ ಚಿಕ್ಕಮ್ಮನ ಮನೆಗೆ ಹೋದೆ. ಅವರ ಹಾಲೆಲ್ಲ ಡೈರಿಗೆ. ಮನೆಯವರಿಗೆ ಬೆಲ್ಲದ ಕರಿಕಾಫಿ. ಹುರುಳಿಕಟ್ಟಿನ ಸಾರು, ಬದನೆಕಾಯಿ ಗೊಜ್ಜು, ಗಡೀಪಾರಾದವರನ್ನೆಲ್ಲ ಮುದ್ದೆಯ ಜೊತೆ ಹೊಟ್ಟೆಗೆ ಕರೆಸಿಕೊಂಡೆ. ಗಲಾಟೆಯೇ ಇಲ್ಲ! ಊರಿಗೆ ಬಂದು ಒಂದು ಲೋಟ ಹಾಲು ಕುಡಿದೆ: ಗುಡುಗು. ಬಿಟ್ಟೆ: ಮೌನ. ಮತ್ತೆ ಕುಡಿದೆ: ಹಿತ್ತಿಲಿಗೆ ಓಟ.

“ಹಾಲೇ ಕಾರಣ ಕಣಜ್ಜಿ.”

“ಥೂ, ಬುಡ್ತು ಅನ್ನು. ಮಾಲಕ್ಷ್ಮಿ ಅದು.”

“ಯಾವ ಲಕ್ಷ್ಮಿಯಾದ್ರೂ ಆಗ್ಲಿ, ನನ್ ಹೊಟ್ಟೆಗೆ ಒಗ್ಗಲ್ಲ.”

“ಮತ್ತ ಮೊಸ್ರ ಬಟ್ಲುಗಟ್ಲ ತಿಂದಿಯಲ್ಲ? ಅದೇನು ಆಕಾಸುದಿಂದ ಬಿದ್ದದಾ? ಅದೂ ಇದೇ ಅಸೂಂದೇ ಕಣಮ್ಮಿ!”

ಇದು ಅಸಲಿ ಪೆಟ್ಟು. ಮೊಸರು ತಿಂದರೆ ಏನೂ ಆಗುತ್ತಿರಲಿಲ್ಲ. ಏಕೆಂದು ನನಗೂ ತಿಳಿಯದು. ವೇದಿಕೆಯಾಗಿದ್ದರೆ ಏನಾದರೂ ಕಟ್ಟಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದೆ.

“ಗೊತ್ತಿಲ್ಲ. ಆದ್ರೆ ಹಂಗೇ ಆಯ್ತದೆ.”

“ಗೊತ್ತಿಲ್ದಿದ್ ಮ್ಯಾಲ ಮುಚ್ಕಂಡು ಕುಡಿ.”

ಗುಂಡ್ಲುಪೇಟೆಗೆ ಹೊರಟ ಬೆಳಿಗ್ಗೆ ಅಜ್ಜಿ ಲೋಟ ಹಿಡಿದು ಹೊಸಿಲಲ್ಲಿ ನಿಂತಳು.

“ಒಂದೇ ಗುಟುಕು.”

“ಒಂದು ಹನೀನೂ ಇಲ್ಲ.”

“ಬರೀ ಬಾಯ್ಲಿ ಒಸ್ಲು ದಾಟ್ದೋಳು ಗೆದ್ದಂಗೇ ಬುಡು!”

ಹಿತ್ತಿಲ ಬಾಗಿಲಿಂದ ದಾಟಿ ಬಸ್ಸು ಹಿಡಿದೆ. ತೆರಕಣಾಂಬಿ ದಾಟುವವರೆಗೂ ಬಸ್ಸು ನನ್ನನ್ನು ಕುಲುಕಿದ್ದಕ್ಕೆ ಲೆಕ್ಕವಿಲ್ಲ. ನಾನು ಮಾತ್ರ ಕಿವಿಯನ್ನೆಲ್ಲ ಹೊಟ್ಟೆಯಲ್ಲೇ ಇಟ್ಟು ಕೂತಿದ್ದೆ. ‘ಮೂಢನಂಬಿಕೆ ಬೇಕೇ ಬೇಡವೇ’ ಎಂಬುದು ಅಂದಿನ ವಿಷಯ. ಗಂಟೆ ಹೊಡೆಯುವವರೆಗೂ ಮಾತಾಡಿದೆ, ಎದುರಾಳಿಯ ಎರಡೂ ಅರ್ಧಗಳನ್ನು ಸೀಳಿದೆ. ಹೊಟ್ಟೆ ನಡುವೆ ಬಾಯಿ ಹಾಕಲಿಲ್ಲ. ಎರಡನೆಯ ಬಹುಮಾನ ಬಂತು, ಜಾಗವೂ ಉಳಿಯಿತು.

ಸಂಜೆ ಬಂದು ಬಹುಮಾನದ ಕಪ್ಪನ್ನು ಅಜ್ಜಿಯ ಮುಂದಿಟ್ಟೆ. “ನೋಡು, ಕುಡೀಲೂ ಇಲ್ಲ, ಓಡ್ಲೂ ಇಲ್ಲ.”

“ಎಷ್ಟ್ನೇದು ಇದು?”

“ಎರಡನೇದು.”

ಅಜ್ಜಿ ನನ್ನ ತಟ್ಟೆಗೆ ಮುದ್ದೆ ಇಟ್ಟು, ಧಾರಾಳವಾಗಿ ಹುರುಳಿ ಸಾರು ಬಿಟ್ಟಳು.

“ಆಲ್ ಕುಡ್ದು ಓಗಿದ್ರ ಮೊದುಲ್ನೇದು ಬತ್ತಿತ್ತು. ತಿನ್ನು.”