ನಾನು ಕೂತರೆ ನಿಲ್ಲುವ ಏಸಿ

ಆ ವರ್ಷಗಳಲ್ಲಿ ನಮ್ಮ ಮನೆಗೆ ಬಂದವರ ಕೈಯನ್ನು ನಾನು ಮೂಸಿ ನೋಡುತ್ತಿದ್ದೆ. ನಾಚಿಕೆಯೇನೂ ಇರಲಿಲ್ಲ. ಬೀಡಿ ಸೇದಿ ಬಂದವರು, ಹೊಗೆಸೊಪ್ಪು ಹಾಕಿಕೊಂಡವರು, ಗದ್ದೆಗೆ ಔಷಧಿ ಹೊಡೆದು ಹಾಗೇ ಬಂದವರು, ಸೆಂಟು ಬಳಿದುಕೊಂಡ ನೆಂಟರು, ಯಾರೇ ಆಗಲಿ, ಕೈಕಾಲು ತೊಳೆಯದೆ ರೇಷ್ಮೆ ಹುಳುವಿನ ಮನೆಯ ಕಡೆ ಹೆಜ್ಜೆ ಇಡುವಂತಿರಲಿಲ್ಲ. ಅದರ ಸೋಂಕು ತಾಗಿದರೆ ಹುಳು ಉಳಿಯುವುದಿಲ್ಲ. ತೊಳೆದೆ ಎಂದು ಹೇಳಿದರೂ ನಾನು ನಂಬುತ್ತಿರಲಿಲ್ಲ. ಒಮ್ಮೆ ಸ್ವಂತ ಅಣ್ಣನನ್ನೇ ಬಾಗಿಲಲ್ಲಿ ನಿಲ್ಲಿಸಿ ಮೂಸಿದೆ. ಅವನು ಎರಡು ತಿಂಗಳು ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ಹುಳು ಸಾಕುವವರಿಗೆ ಅನುಮಾನ ಎನ್ನುವುದು ಒಂದು ಗುಣ ಎಂದೇ ನಾನು ತಿಳಿದಿದ್ದೆ.

ರೇಷ್ಮೆಗೆ ಒಳ್ಳೆಯ ಬೆಲೆ ಇದ್ದ ಕಾಲ ಅದು. ಹೊಂಗನೂರಿನ ಸುತ್ತಮುತ್ತ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲೆಲ್ಲ ರೇಷ್ಮೆ ಕಡ್ಡಿ, ಅಂದರೆ ಹಿಪ್ಪುನೇರಳೆ, ನೆಟ್ಟಿದ್ದರು. ನಾನು ಮಾಡುತ್ತಿದ್ದದ್ದು ಚಾಕಿ. ಮೊಟ್ಟೆಯೊಡೆದು ಬಂದ ಮರಿಹುಳುಗಳನ್ನು ಒಂದು ವಾರಕ್ಕೂ ಹೆಚ್ಚು ಕಾಲ ಸಾಕಿ, ಅವು ಎರಡನೇ ಜ್ವರಕ್ಕೆ ಕೂತಾಗ ರೈತರಿಗೆ ಒಪ್ಪಿಸುವ ಕೆಲಸ. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂತು ಪೊರೆ ಕಳಚುತ್ತದೆ. ಅವು ಎದ್ದೇಳುವ ಮುಂಚೆ ಟ್ರೇಗಳು ರೈತರ ಮನೆ ಸೇರಬೇಕು. ದಾರಿಯಲ್ಲಿ ಬಿಸಿಲಿಗೆ ಬೆಂದರೆ ಒಂದು ಹುಳು ಇವತ್ತು ಏಳುತ್ತದೆ, ಇನ್ನೊಂದು ನಾಳೆ. ಅಂಥ ಬೆಳೆ ಕೈಗೆ ಹತ್ತುವುದಿಲ್ಲ, ಬೈಗುಳ ಮಾತ್ರ ಚಾಕಿಯವಳಿಗೆ ಬರುತ್ತದೆ.

ಅದಕ್ಕೆಂದೇ ರಾಮನಗರದಲ್ಲಿ ಗೂಡಿನಿಂದ ನೂಲು ತೆಗೆಸುವ ರೀಲರ್ ಒಬ್ಬರಿಂದ ಹಳೆಯ ಕಾರು ಕೊಂಡೆವು. ಏಸಿ ಇದ್ದ ಕಾರು. ಕಾರಿನ ಜೊತೆ ಬಂದ ಏಸಿಯಲ್ಲ, ಆಮೇಲೆ ಯಾರಿಂದಲೋ ಹಾಕಿಸಿದ್ದು. ಹಿಂದಿನ ಸೀಟು ಬಿಚ್ಚಿ ಕೊಟ್ಟಿಗೆಯ ಅಟ್ಟಕ್ಕೆ ಹಾಕಿ, ಆ ಜಾಗದಲ್ಲಿ ಟ್ರೇ ಜೋಡಿಸುತ್ತಿದ್ದೆವು. ವಾಪಸ್ಸು ಬರುವಾಗ ಒದ್ದೆ ಗೋಣಿಯಲ್ಲಿ ಸುತ್ತಿದ ಸೊಪ್ಪಿನ ಹೊರೆಗಳು ಮುಂದಿನ ಸೀಟಿನ ಕಾಲಡಿಯವರೆಗೂ ತುಂಬಿರುತ್ತಿದ್ದವು. ಮನುಷ್ಯರಿಗೇ ಫ್ಯಾನಿಲ್ಲ, ಇವಳ ಹುಳಕ್ಕೆ ಏಸಿ ಅಂತೆ ಎಂದು ಊರವರು ಆಡಿಕೊಂಡರು. ಆಡಿಕೊಂಡವರೇ ಆಮೇಲೆ ಹುಳುವಿಗೆ ಹೆಸರು ಬರೆಸಲು ಬಂದರು.

ಕಾರು ಬಂದ ಮೇಲೆ ನಮ್ಮ ಯಜಮಾನರು ಡ್ರೈವಿಂಗ್ ಕಲಿತರು. ಆಗಲೇ ನಲವತ್ತು ದಾಟಿದ್ದರು. ಅವರದು ಸಮಾಧಾನದ ಸ್ವಭಾವ, ಮಾತು ಕಮ್ಮಿ. ಕಾರನ್ನೂ ಅಷ್ಟೇ ಸಮಾಧಾನವಾಗಿ ಓಡಿಸುತ್ತಿದ್ದರು, ಎದುರಿಗೆ ಬಸ್ಸು ಬಂದರೂ, ಎಮ್ಮೆ ಬಂದರೂ. ನನ್ನ ಜೀವ ಬಾಯಿಗೆ ಬರುತ್ತಿತ್ತು. ಇಳಿಜಾರು ಸಿಕ್ಕರಂತೂ ಗೇರು ತೆಗೆದು ನ್ಯೂಟ್ರಲ್‌ಗೆ ಹಾಕಿ ಗಾಡಿಯನ್ನು ಅದರ ಪಾಡಿಗೆ ಬಿಟ್ಟುಬಿಡುತ್ತಿದ್ದರು. ಯಾಕೆ ಎಂದರೆ, "ಪೆಟ್ರೋಲ್ ಉಳೀತದೆ" ಎನ್ನುತ್ತಿದ್ದರು.

ಏಸಿ ಮೊದಲ ಸಲ ಕೈಕೊಟ್ಟದ್ದು ಕನಕಪುರದ ದಾರಿಯಲ್ಲಿ, ಒಂದು ಇಳಿಜಾರಿನಲ್ಲಿ. ತಣ್ಣಗೆ ಬರುತ್ತಿದ್ದ ಗಾಳಿ ಇದ್ದಕ್ಕಿದ್ದಂತೆ ಬೆಚ್ಚಗಾಯಿತು. ಸ್ವಲ್ಪ ದೂರ ಹೋದ ಮೇಲೆ ಮತ್ತೆ ತಣ್ಣಗಾಯಿತು. ಇನ್ನೊಂದು ಇಳಿಜಾರಿನಲ್ಲಿ ಮತ್ತೆ ಬೆಚ್ಚಗೆ. ಗೇರಿನ ಹತ್ತಿರವೇ ಏಸಿಯ ಸ್ವಿಚ್ಚು ಇತ್ತು. ಗೇರು ತೆಗೆಯಲು ಇವರ ಎಡಗೈ ಅಲ್ಲಿಗೆ ಹೋಗುವುದಕ್ಕೂ ಗಾಳಿ ಬಿಸಿಯಾಗುವುದಕ್ಕೂ ಸರಿಹೋಗುತ್ತಿತ್ತು. ನನಗೆ ಅಷ್ಟು ಸಾಕಾಗಿತ್ತು.

"ಆಫ್ ಮಾಡಿದ್ರಾ?" ಎಂದೆ.

"ನಾನ್ ಮುಟ್ಟೇ ಇಲ್ಲ ಕಣೆ."

ನಂಬಲಿಲ್ಲ. ಆ ದಿನದಿಂದ ನಾನು ರಸ್ತೆ ನೋಡುವುದು ಬಿಟ್ಟು ಅವರ ಎಡಗೈಯನ್ನು ನೋಡುತ್ತಾ ಕೂರಲು ಶುರುಮಾಡಿದೆ. ಆದರೆ ಇಳಿಜಾರು ಬಂದಾಗ ಹೆದರಿಕೆಗೆ ಕಣ್ಣು ತಾನಾಗಿಯೇ ರಸ್ತೆಗೆ ಹೊರಳುತ್ತಿತ್ತು. ಅಷ್ಟರಲ್ಲಿ ಏಸಿ ನಿಂತಿರುತ್ತಿತ್ತು. ಮುಟ್ಟಿದ್ದನ್ನು ಒಮ್ಮೆಯೂ ಕಣ್ಣಾರೆ ನೋಡಲಿಲ್ಲ. ನಾನು ನೋಡದ ಕ್ಷಣವನ್ನೇ ಕಾಯುತ್ತಾರೆ ಎಂದುಕೊಂಡೆ. ಇನ್ನೊಂದು ವಿಷಯವಿತ್ತು. ಇವರೊಬ್ಬರೇ ಹೋಗಿ ಬಂದ ದಿನ ಏಸಿಗೆ ಏನೂ ಆಗುತ್ತಿರಲಿಲ್ಲವಂತೆ. ದಾರಿಯುದ್ದಕ್ಕೂ ಐಸು ಎನ್ನುತ್ತಿದ್ದರು. ಅದೂ ಸುಳ್ಳೇ ಇರಬೇಕು, ನನ್ನ ಬಾಯಿ ಮುಚ್ಚಿಸಲು ಹೇಳುತ್ತಾರೆ ಎಂದು ನನ್ನ ಲೆಕ್ಕ.

ಚನ್ನಪಟ್ಟಣದ ಹೈವೇ ಪಕ್ಕದಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಇದ್ದರು. ಕಾರು ಲಾರಿಗಳ ವೈರಿಂಗ್ ಕೆಲಸ ಮಾಡುವವರು, ವಯಸ್ಸಾದವರು. ಯಜಮಾನರು ಎರಡು ಸಲ ಅವರ ಹತ್ತಿರ ಹೋಗಿ ಬಂದರು. ಮೊದಲ ಸಲ ಗ್ಯಾಸು ನೋಡಿ ಸರಿಯಿದೆ ಎಂದರಂತೆ. ಎರಡನೇ ಸಲ ಫ್ಯೂಸು ಬದಲಾಯಿಸಿದರಂತೆ. ಎರಡು ಸಲವೂ ಇಬ್ಬರೂ ಪಕ್ಕದ ಅಂಗಡಿಯಲ್ಲಿ ಟೀ ಕುಡಿದರು ಎಂಬ ಸುದ್ದಿ ನನಗೆ ಬಂತು. ಇಬ್ಬರೂ ಒಂದಾಗಿದ್ದಾರೆ, ಇವರು ಹೇಳಿಕೊಟ್ಟಂತೆ ಅವರು ಹೇಳುತ್ತಿದ್ದಾರೆ ಎಂದು ತೀರ್ಮಾನಿಸಿಬಿಟ್ಟೆ.

ಅಷ್ಟರಲ್ಲಿ ಆಗಬಾರದ್ದು ಆಯಿತು. ಕನಕಪುರದ ಕಡೆಯ ಒಬ್ಬ ರೈತರು ಮೊದಲಿನಿಂದ ನನ್ನ ಹತ್ತಿರವೇ ಹುಳು ತೆಗೆದುಕೊಳ್ಳುತ್ತಿದ್ದರು. ಬೇಸಿಗೆಯ ಒಂದು ಮಧ್ಯಾಹ್ನ ಅವರ ಮನೆಗೆ ಟ್ರೇ ಇಳಿಸಿದೆವು. ಆ ದಿನ ದಾರಿಯಲ್ಲಿ ಏಸಿ ನಿಂತದ್ದೇ ಹೆಚ್ಚು. ಅವರು ಟ್ರೇಗೆ ಹೊದಿಸಿದ್ದ ಮೇಣದ ಕಾಗದ ಎತ್ತಿ ನೋಡಿದರು. ಅರ್ಧ ಹುಳು ಜ್ವರದಲ್ಲಿ ಕೂತಿದ್ದವು, ಇನ್ನರ್ಧ ಎದ್ದು ಟ್ರೇಯ ಅಂಚಿನಲ್ಲಿ ಹರಿದಾಡುತ್ತಿದ್ದವು.

"ಏನಕ್ಕ ಇದು, ಅರ್ಧಕ್ಕರ್ಧ ಎದ್ಬುಟ್ಟವೆ" ಎಂದರು ಮೆಲ್ಲಗೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯದೆ ಕಾಗದ ಮುಚ್ಚಿ, "ಮುಂದ್ಲ ಸಾರಿ ನಮ್ದು ಬುಟ್ಬುಡಿ, ನೋಡಾನ" ಎಂದರು.

ನನಗೆ ತಲೆ ಕೆಟ್ಟುಹೋಯಿತು. ಅವರ ಅಂಗಳದಲ್ಲೇ, ಅವರ ಮನೆಯವರೆಲ್ಲ ನಿಂತಿರುವಾಗಲೇ, ಯಜಮಾನರ ಕಡೆ ತಿರುಗಿ, "ಒಸಿ ಪೆಟ್ರೋಲ್ ಉಳಿಸಕ್ಕೆ ನನ್ ಹುಳ ಕೊಂದ್ರಲ್ಲ, ನಿಮ್ಗೆ ತೃಪ್ತಿ ಆಯ್ತಾ?" ಎಂದು ಕೂಗಿದೆ. ಅವರು ಕಾರಿನ ಹಿಂಬಾಗಿಲು ಹಾಕಿ, ಒಳಗೆ ಕೂತು ನನಗಾಗಿ ಕಾದರು.

ಮರುದಿನ ಬೆಳಿಗ್ಗೆ ಕಾರಿನ ಕೀಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, "ಬೇರೆ ಡ್ರೈವರ್ ನೋಡ್ಕೊ. ನನ್ ಕೈಲಿ ಆಗಕ್ಕಿಲ್ಲ" ಎಂದರು.

ಇನ್ನು ಆರು ದಿನಕ್ಕೆ ಮಾಗಡಿಯ ಕಡೆ ಕಳಿಸಬೇಕಾದ ಹುಳು ಜ್ವರಕ್ಕೆ ಕೂರಲಿದ್ದವು. ಹೊಸ ಗಿರಾಕಿಗಳು. ಅವರ ಮನೆಯಲ್ಲೂ ಹೀಗೇ ಆದರೆ ನನ್ನ ಚಾಕಿಯನ್ನು ಮೂಸಿಯೂ ನೋಡುವವರಿರುವುದಿಲ್ಲ. ಏಸಿ ಸರಿಯಾಗಬೇಕಿತ್ತು, ಓಡಿಸುವವರೂ ಬೇಕಿತ್ತು. ಊರಿನಲ್ಲಿ ಇನ್ನೊಬ್ಬ ಡ್ರೈವರ್ ಇದ್ದ. ಬಾಯಲ್ಲಿ ಸದಾ ಬೀಡಿ. ಅವನನ್ನು ನನ್ನ ಹುಳುವಿನ ಹತ್ತಿರ ಬಿಡುವುದುಂಟೆ?

ಸಂಜೆಯವರೆಗೆ ಬಿಗಿದುಕೊಂಡಿದ್ದು, ಆಮೇಲೆ ಯಜಮಾನರಿಗೆ, "ಒಂದೇ ಒಂದ್ಸಾರಿ ಚನ್ನಪಟ್ಣಕ್ಕೆ ಬನ್ನಿ. ನಾನೂ ಬತ್ತೀನಿ. ನನ್ ಮುಂದೆ ನೋಡ್ಲಿ ಆವಯ್ಯ" ಎಂದೆ. ಅದು ಕ್ಷಮೆ ಕೇಳಿದ್ದಲ್ಲ, ಕಳ್ಳರನ್ನು ಹಿಡಿಯುವ ಉಪಾಯ. ಅವರಿಗೂ ಅದು ಗೊತ್ತಿತ್ತು. ಆದರೂ ಬಂದರು.

ಎಲೆಕ್ಟ್ರಿಷಿಯನ್ ಬಾನೆಟ್ ಎತ್ತಿ ಏಸಿ ಹಾಕಿ ನೋಡಿ, "ಏನೂ ಇಲ್ಲ ಕಣಕ್ಕ. ಐಸ್ ಇದ್ದಂಗೆ ಬತ್ತಾ ಐತೆ" ಎಂದರು.

"ನಿಂತಿರೋವಾಗ ಬತ್ತದೆ. ನಾನು ಕೂತು ಹೊರಟ್ರೆ ನಿಲ್ತದೆ. ಯಾರೋ ನಿಲ್ಲಿಸ್ತಾರೆ" ಎಂದೆ, ಆ ಯಾರೋ ಪಕ್ಕದಲ್ಲೇ ನಿಂತಿರುವಾಗ.

ಆತ ನಗಲಿಲ್ಲ. ಕಂಪ್ರೆಸರ್‌ಗೆ ಹೋಗುವ ವೈರಿಗೆ ಒಂದು ಪುಟ್ಟ ಬಲ್ಬು ಸಿಕ್ಕಿಸಿದರು. ಉದ್ದನೆಯ ವೈರಿನಲ್ಲಿ ಆ ಬಲ್ಬನ್ನು ಕಿಟಕಿಯಿಂದ ಒಳಗೆ ತಂದು, ಸೀಟಿಲ್ಲದ ಹಿಂಭಾಗದಲ್ಲಿ ನೆಲಕ್ಕೆ ಕೂತರು. "ಇದು ಉರೀತಾ ಇದ್ರೆ ಕರೆಂಟ್ ಹೋಯ್ತಾ ಐತೆ ಅಂತ ಅರ್ಥ. ಆರ್ದಾಗ ಯಾರ್ ಕೈ ಎಲ್ಲೈತೆ ಅಂತ ನಾನ್ ನೋಡ್ತೀನಿ. ನೀವು ದಿನಾ ಕೂತಂಗೇ ಕೂತ್ಕಳಿ" ಎಂದರು. ನನಗೆ ಒಳಗೊಳಗೇ ಖುಷಿಯಾಯಿತು. ಇವತ್ತು ಸಿಕ್ಕಿಬೀಳುತ್ತಾರೆ ಎಂದುಕೊಂಡೆ.

ಊರ ಕಡೆಯ ದಾರಿ ಹಿಡಿದೆವು. ಬಲ್ಬು ಉರಿಯುತ್ತಲೇ ಇತ್ತು. ಕೆರೆ ಏರಿಯಿಂದ ಇಳಿಯುವ ಕಡೆ ಯಜಮಾನರು ಗೇರು ತೆಗೆದರು. ಗಾಡಿ ಜಾರಿತು. ತಿರುವಿನಲ್ಲಿ ಎದುರಿಗೆ ಬಸ್ಸು. ಗಾಳಿ ಬೆಚ್ಚಗಾಯಿತು.

"ಆರ್ತು" ಎಂದರು ಹಿಂದಿನಿಂದ. "ಅಣ್ಣನ ಕೈ ಎರಡೂ ಸ್ಟೇರಿಂಗ್ ಮೇಲೇ ಅವೆ." ಆಮೇಲೆ ಮುಂದಕ್ಕೆ ಬಗ್ಗಿದರು. "ಅಕ್ಕ, ಬಲಗಾಲು ಒಸಿ ಎತ್ತಿ."

ಎತ್ತಿದೆ.

"ಹತ್ಕತು. ಈಗ ಅದೇ ಜಾಗದಲ್ಲಿ ತುಳೀರಿ."

ತುಳಿದೆ. ಗಾಳಿ ಮತ್ತೆ ಬೆಚ್ಚಗಾಯಿತು.

ಇಳಿಜಾರು ಮುಗಿದ ಮೇಲೆ ಯಜಮಾನರು ಕಾರನ್ನು ಪಕ್ಕಕ್ಕೆ ನಿಲ್ಲಿಸಿದರು. ಎಲೆಕ್ಟ್ರಿಷಿಯನ್ ನನ್ನನ್ನು ಇಳಿಸಿ, ಸೀಟಿನ ಮುಂದಿನ ಮ್ಯಾಟು ಕಿತ್ತರು. ಏಸಿ ಹಾಕಿದವರು ವೈರನ್ನು ಅದರ ಅಡಿಯಲ್ಲೇ ಎಳೆದು, ನಡುವೆ ಒಂದು ಗಂಟು ಹಾಕಿ ಬಿಟ್ಟಿದ್ದರು. ನಮ್ಮ ಒದ್ದೆ ಸೊಪ್ಪಿನ ನೀರು ಕುಡಿದು ಕುಡಿದು ಆ ಗಂಟಿನ ತಾಮ್ರ ಹಸಿರಾಗಿ, ಒಂದೆರಡು ಎಳೆಯಷ್ಟೇ ಉಳಿದಿತ್ತು. ಮೇಲೆ ತುಳಿದರೆ ಬಿಡುತ್ತಿತ್ತು, ಕಾಲೆತ್ತಿದರೆ ಕೂಡುತ್ತಿತ್ತು.

"ಒಂದೇ ಜಾಗ ಸವೆಯೋವಂಗೆ ತುಳಿದವ್ರೆ" ಎಂದು ಆತ ಮ್ಯಾಟಿನ ಗುಳಿಯನ್ನು ತೋರಿಸಿದರು. "ಅಲ್ಲೇನಿತ್ತು ಅಂತ ತುಳೀತಿದ್ರಕ್ಕ?"

ಉತ್ತರ ಕೊಟ್ಟದ್ದು ಯಜಮಾನರು.

"ಬ್ರೇಕು" ಎಂದರು.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಹೌದು, ನಾನು ಬ್ರೇಕು ಹಾಕುತ್ತಿದ್ದೆ. ಅವರು ಹಾಕುತ್ತಾರೋ ಇಲ್ಲವೋ ಎಂದು, ಇಲ್ಲದ ಬ್ರೇಕನ್ನು ಮೈಯ ಭಾರವೆಲ್ಲ ಬಿಟ್ಟು ಒತ್ತುತ್ತಿದ್ದೆ. ಅಂಗಳದಲ್ಲಿ ನಾನು ಕೂಗಾಡಿದ್ದನ್ನು ಅವರು ಹೇಗೋ ನುಂಗಿಕೊಂಡಿದ್ದರು. ಈ ಗುಳಿಯನ್ನು ನೋಡಿದಾಗ ಅವರ ಮುಖ ಬೇರೆಯೇ ಆಯಿತು.

"ಯಾವತ್ತಿಂದ?" ಎಂದು ಕೇಳಿದರು.

"ಮೊದ್ಲಿಂದ" ಎಂದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

ಅಂಗಡಿಗೆ ವಾಪಸ್ಸಾದ ಮೇಲೆ ಎಲೆಕ್ಟ್ರಿಷಿಯನ್ ಗಂಟು ಕತ್ತರಿಸಿ, ಹೊಸ ವೈರು ಬೆಸೆದು, ಟೇಪು ಸುತ್ತಿ, ಕಾಲಿಗೆ ಸಿಗದ ಹಾಗೆ ಮೇಲಕ್ಕೆ ಎತ್ತಿ ಕಟ್ಟಿದರು. ಅರ್ಧ ಗಂಟೆಯ ಕೆಲಸ. ಅವರಿಬ್ಬರ ಬಗ್ಗೆ ನಾನು ಏನೇನು ಅಂದುಕೊಂಡಿದ್ದೆ ಎಂದು ಆತನಿಗೆ ಗೊತ್ತಿರಲಿಲ್ಲ, ಅದೊಂದು ಪುಣ್ಯ. ಮನೆಗೆ ಬಂದ ಮೇಲೆ ಯಜಮಾನರು ಯಾರ ಮುಂದೆಯೂ ಈ ವಿಷಯ ಎತ್ತಲಿಲ್ಲ. ಎತ್ತಿ ಆಡಿಕೊಂಡಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಕೀಯನ್ನು ಮತ್ತೆ ಅಡುಗೆಮನೆಯ ಕಟ್ಟೆಯ ಮೇಲೇ ಇಟ್ಟಿದ್ದರು. ದಿನಾ ಅದನ್ನು ಸರಿಸಿ ಕಟ್ಟೆ ಒರೆಸುತ್ತಿದ್ದೆ, ಮಾಗಡಿಗೆ ಬರುತ್ತೀರಾ ಎಂದು ಕೇಳಲು ಧೈರ್ಯವಾಗುತ್ತಿರಲಿಲ್ಲ.

ಮಾಗಡಿಗೆ ಹೋಗುವ ಬೆಳಿಗ್ಗೆ ನಾನು ಹುಳುವಿನ ಮನೆಯಿಂದ ಟ್ರೇ ಹೊತ್ತು ಹೊರಗೆ ಬಂದರೆ, ಕಾರಿನ ಹಿಂಬಾಗಿಲು ತೆರೆದಿತ್ತು. ಯಜಮಾನರು ಕೈ ತೊಳೆದುಕೊಂಡು ನಿಂತಿದ್ದರು. ಇಬ್ಬರೂ ಸೇರಿ ಟ್ರೇ ಜೋಡಿಸಿದೆವು.

ರಾಮನಗರ ದಾಟಿದ ಮೇಲೆ ಮೊದಲ ಇಳಿಜಾರು ಬಂತು. ಗಾಳಿ ತಣ್ಣಗೆ ಬರುತ್ತಲೇ ಇತ್ತು. ಅವರು ರಸ್ತೆ ನೋಡುತ್ತಲೇ, "ಇನ್ನೂ ತುಳೀತಿದ್ದೀಯ" ಎಂದರು. ನೋಡಿಕೊಂಡರೆ ಹೌದು, ಬಲಗಾಲು ನೆಲಕ್ಕೆ ಒತ್ತಿಕೊಂಡಿತ್ತು.

"ಅಭ್ಯಾಸ ಆಗೋಗದೆ" ಎಂದೆ.

"ಅಭ್ಯಾಸ ಅಲ್ಲ ಅದು" ಎಂದರು.

ಏನು ಹೇಳಿದರೂ ಸುಳ್ಳಾಗುತ್ತಿತ್ತು. ಚಪ್ಪಲಿ ಬಿಟ್ಟು ಎರಡೂ ಕಾಲನ್ನು ಮೇಲೆತ್ತಿ, ಮನೆಯಲ್ಲಿ ಊಟಕ್ಕೆ ಕೂರುವ ಹಾಗೆ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಎದುರಿಗೆ ಹುಲ್ಲಿನ ಲಾರಿಯೊಂದು ರಸ್ತೆ ತುಂಬ ಬರುತ್ತಿತ್ತು. ಕೈಯಲ್ಲಿ ಸೆರಗು ಹಿಡಿದುಕೊಂಡು ಅದನ್ನೇ ನೋಡಿದೆ. ಅವರು ನಿಧಾನ ಮಾಡಿ, ಪಕ್ಕಕ್ಕೆ ತಂದು, ಲಾರಿಗೆ ದಾರಿ ಬಿಟ್ಟರು.

ಎಷ್ಟೋ ದೂರ ಹೋದ ಮೇಲೆ, "ಜೋಮು ಹಿಡೀತದೆ, ಕಾಲ್ ಇಳಿಸು" ಎಂದರು.

ಎಡಗಾಲೊಂದನ್ನು ಇಳಿಸಿದೆ. ಬಲಗಾಲನ್ನು ಮಾಗಡಿ ಬರುವವರೆಗೂ ತೊಡೆಯ ಕೆಳಗೇ ಇಟ್ಟುಕೊಂಡಿದ್ದೆ.