ಅಮ್ಮನ ಕೈಯಿಲ್ಲದ ಮುಖಚಿತ್ರ

ಕಳೆದ ತಿಂಗಳು ಶಿಡ್ಲಘಟ್ಟದ ನಮ್ಮ ಮನೆಗೆ ಸುಣ್ಣ ಹೊಡೆಸಿದೆವು. ಅಡುಗೆಮನೆಯ ಪಕ್ಕದ ಗೋಡೆಯಿಂದ ಕ್ಯಾಲೆಂಡರ್ ತೆಗೆದಾಗ ಅದರ ಹಿಂದೆ ಅಂಚೆಚೀಟಿಯಷ್ಟು ಸಣ್ಣ ಬಣ್ಣದ ಚಿತ್ರಗಳು ಸಾಲಾಗಿ ಅಂಟಿಕೊಂಡಿದ್ದವು. ಸುಣ್ಣ ಬಳಿಯಲು ಬಂದವನು "ಇವು ಬೇಕಾ ಮೇಡಂ?" ಎಂದು ಕೇಳಿದ. ಬೇಡ ಎಂದೆ. ಅವನು ಕೆರೆದು ತೆಗೆದ. ಒಂದು ಮಾತ್ರ ಅರ್ಧ ಹರಿದು ಗೋಡೆಯಲ್ಲೇ ಉಳಿಯಿತು. ಎರಡು ಬೆರಳು, ಅವುಗಳ ನಡುವೆ ಬೆಳ್ಳಗಿನದೇನೋ...

ಅವನ್ನು ಅಂಟಿಸಿದವಳು ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಹುಡುಗಿ.

ಅವಳದು ತೊಂಡೇಬಾವಿ ಕಡೆಯ ಹಳ್ಳಿ. ನಮ್ಮೂರಿನ ಫ್ಲೆಕ್ಸ್ ಮುದ್ರಿಸುವ ಅಂಗಡಿಯೊಂದರಲ್ಲಿ ಡಿಸೈನ್ ಮಾಡುತ್ತಿದ್ದಳು. ಹಗಲೆಲ್ಲ ಹುಟ್ಟುಹಬ್ಬದ ಶುಭಾಶಯ, ಶ್ರದ್ಧಾಂಜಲಿ, ಚುನಾವಣೆಗೆ ನಿಂತವರ ಕೈಮುಗಿದ ಫೋಟೋ. ಉಳಿದ ಹೊತ್ತಿನಲ್ಲಿ ಮೊಬೈಲಿನಲ್ಲಿ ಆಡುವ ಸಣ್ಣ ಆಟವೊಂದನ್ನು ತಾನೇ ಕಟ್ಟುತ್ತಿದ್ದಳು. ನಾನು ಆಗಲೂ ಈಗಿನಂತೆ ಚಿಕ್ಕಬಳ್ಳಾಪುರದಿಂದ ಪತ್ರಿಕೆಗೆ ವರದಿ ಮಾಡುತ್ತಿದ್ದೆ. ಸಂಜೆ ಬಸ್ಸಿಳಿದು ಮನೆಗೆ ಬಂದರೆ ಅವಳು ಅಡುಗೆಮನೆಯ ಬಾಗಿಲಲ್ಲಿ ಅಮ್ಮನ ಜತೆ ಕೂತಿರುತ್ತಿದ್ದಳು.

ಅಮ್ಮ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕೆಲಸ ಮಾಡಿದವಳು. ಹರೆಯದಿಂದ ಬಿಸಿನೀರಿನ ಬಾಣಲೆಯಲ್ಲಿ ಕೈಯಿಟ್ಟು ಗೂಡಿನಿಂದ ಎಳೆ ತೆಗೆದಳು. ಕಣ್ಣು, ಸೊಂಟ ಸೋತ ಮೇಲೆ ಅದೇ ಘಟಕದಲ್ಲಿ ಗೂಡು ಆರಿಸುವ ಕೆಲಸಕ್ಕೆ ಕೂತಳು. ಕಲೆಯಾದದ್ದು, ಎರಡು ಹುಳ ಸೇರಿ ಕಟ್ಟಿದ ಜೋಡಿ ಗೂಡು, ತೂತಾದದ್ದು, ಇವನ್ನೆಲ್ಲ ಬೇರೆ ಮಾಡಬೇಕು. ಆ ಹುಡುಗಿಯ ಆಟವೂ ಅಷ್ಟೇ. ಪರದೆಯ ಮೇಲೆ ಗೂಡುಗಳು ಉರುಳಿ ಬರುತ್ತವೆ, ಕೆಟ್ಟದ್ದನ್ನು ಬೆರಳಲ್ಲಿ ಆಚೆ ತಳ್ಳಬೇಕು. ಬಸ್ಸಿನಲ್ಲಿ ನಿಂತುಕೊಂಡೇ ಆಡಬಹುದಾದ, ತಲೆ ಬಿಸಿ ಮಾಡದ ಆಟ. ಯಾವ ಗೂಡು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಹೇಳಿಕೊಟ್ಟವಳು ಅಮ್ಮ. ಆಟದೊಳಗಿನ ನಾಲ್ಕಾರು ಸಾಲು ಬರೆದವಳು ನಾನು. ಮಿಕ್ಕಿದ್ದೆಲ್ಲ ಅವಳದು.

ಆಟ ಸಿದ್ಧವಾದ ಮೇಲೂ ಅವಳಿಗೆ ನೆಮ್ಮದಿ ಇರಲಿಲ್ಲ. ಆಟಗಳನ್ನು ಇಟ್ಟಿರುವ ಆನ್‌ಲೈನ್ ಅಂಗಡಿಯಲ್ಲಿ ಪ್ರತಿ ಆಟಕ್ಕೂ ಒಂದು ಮುಖಚಿತ್ರ ಇರುತ್ತದೆ. ಅದನ್ನು ನೋಡಿಯೇ ಜನ ಒಳಗೆ ಬರುವುದು, ಇಲ್ಲವೇ ಮುಂದೆ ಹೋಗುವುದು. "ಅಕ್ಕ, ಜನರ ಹೆಬ್ಬೆರಳು ಜಾರ್ತಾನೇ ಇರತ್ತೆ. ಅದನ್ನ ನಿಲ್ಲಿಸ್ಬೇಕು, ಅಷ್ಟೇ ಕೆಲಸ" ಎನ್ನುತ್ತಿದ್ದಳು. ಬಸ್ ನಿಲ್ದಾಣದ ಅಂಗಡಿಯಲ್ಲಿ ಪತ್ರಿಕೆ ಮಡಚಿ ಇಟ್ಟಿರುತ್ತಾರೆ, ಮುಖಪುಟದ ಮೇಲರ್ಧವಷ್ಟೇ ಕಾಣುವುದು, ಹಾಗಾಗಿ ನಾವು ದೊಡ್ಡ ಸುದ್ದಿಯನ್ನು ಅಲ್ಲಿಯೇ ಇಡುತ್ತೇವೆ ಎಂದು ನಾನು ಹೇಳಿದೆ. ಅವಳಿಗೆ ಅದು ತುಂಬ ಹಿಡಿಸಿತು. ಆಮೇಲೆ ನಮ್ಮ ಪುಟ ಕಟ್ಟುವ ಬಗ್ಗೆ ಏನೇನೋ ಕೇಳುತ್ತಿದ್ದಳು.

ಬರೆದ ಚಿತ್ರವನ್ನು ಅವಳು ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ನೋಡಿ ನಂಬುತ್ತಿರಲಿಲ್ಲ. ಫೋನಿನಲ್ಲಿ ಕಾಣುವಷ್ಟು ಚಿಕ್ಕದಾಗಿ ಮುದ್ರಿಸಿ, ಬೇರೆ ಆಟಗಳ ಮುಖಚಿತ್ರಗಳ ನಡುವೆ ನಮ್ಮ ಗೋಡೆಗೆ ಅಂಟಿಸುತ್ತಿದ್ದಳು. ಮಹಡಿಯ ಗೋಡೆಗೆ ತೇವ, ಏನೂ ಅಂಟುತ್ತಿರಲಿಲ್ಲ. ಒಲೆಯ ಮುಂದಿದ್ದ ಅಮ್ಮನನ್ನು ತಿರುಗಿಸಿ, "ಅಮ್ಮಾ, ಮೊದ್ಲು ಯಾವುದು ಕಣ್ಣಿಗೆ ಬಿತ್ತು? ಬೇಗ ಹೇಳಿ" ಎನ್ನುತ್ತಿದ್ದಳು.

ಮೊದಲ ಚಿತ್ರದಲ್ಲಿ ಬಿದಿರಿನ ತಟ್ಟೆ ತುಂಬ ಗೂಡುಗಳಿದ್ದವು.

"ಕಡ್ಲೆಪುರಿ ಯಾಕೆ ಬರ್ದಿದ್ದೀಯ ಅಮ್ಮಣ್ಣಿ?" ಎಂದಳು ಅಮ್ಮ.

ಅವಳು ತಟ್ಟೆ ತೆಗೆದು ಒಂದೇ ಒಂದು ಗೂಡನ್ನು ದೊಡ್ಡದಾಗಿ ಬರೆದು ತಂದಳು. ಅಮ್ಮ ಸೌಟು ಹಿಡಿದುಕೊಂಡೇ ನೋಡಿದಳು. "ಇದು ಕಡ್ಲೆಕಾಯಿ."

"ಜೀವಮಾನ ಎಲ್ಲ ಗೂಡು ನೋಡಿರೋರು ನೀವೇ ಹಿಂಗಂದ್ರೆ ಹೆಂಗಮ್ಮಾ!"

"ನಾನೇನ್ ಮಾಡ್ಲಿ? ನೀನು ಬರ್ದಿರೋದು ಹಂಗಿದೆ."

ಮೂವರೂ ನಕ್ಕೆವು. ಗೋಡೆಯ ಮೇಲಿನ ಗೂಡು ಎಷ್ಟು ದೊಡ್ಡದು ಎಂದು ತಿಳಿಯಲು ಪಕ್ಕದಲ್ಲಿ ಏನೂ ಇರಲಿಲ್ಲ, ತೊಂದರೆ ಇದ್ದದ್ದು ಅಲ್ಲಿ. ಅದನ್ನು ಅವಳು ಕಂಡುಕೊಂಡದ್ದು ಒಂದು ಭಾನುವಾರ, ಅಮ್ಮ ಗೂಡೊಂದನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿ ಒಳಗಿನ ಹುಳುವಿನ ನೆರಳು ನೋಡುತ್ತಿದ್ದಾಗ. "ಅಮ್ಮಾ, ಅಲ್ಲಾಡ್ಬೇಡಿ!" ಎಂದು ಕೂಗಿದಳು.

ಅವಳು ಬರೆಯಹೊರಟದ್ದು ತನ್ನ ಕೈಯನ್ನೇ ಎಂದು ಗೊತ್ತಾದಾಗ ಅಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. "ಈ ಕೈನಾ? ನೋಡ್ದೋರು ಹೆದರ್ಕೊಂತಾರೆ ಬುಡು." ಬಿಸಿನೀರಿನಲ್ಲಿ ಬೆಂದೂ ಬೆಂದೂ ಅವಳ ಬೆರಳ ತುದಿಗಳು ಬಿಳಿಚಿ ಬಿರಿದಿದ್ದವು. ಹೆಬ್ಬೆರಳಿನ ಉಗುರು ಅರ್ಧ ಸವೆದಿತ್ತು.

ಆ ಹುಡುಗಿ ಅಮ್ಮನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. "ಈ ಕೈನೇ ಬೇಕು ನಂಗೆ. ಒಂದು ಗೀರೂ ಬದಲಾಯ್ಸಲ್ಲ. ಆಣೆ ಅಮ್ಮಾ."

ಆಮೇಲೆ ಎಷ್ಟೋ ಭಾನುವಾರದ ಮಧ್ಯಾಹ್ನ ಅಮ್ಮ ಕಿಟಕಿಯ ಬಳಿ ಕೂತಳು, ಅವಳು ಬರೆದಳು. ಮುಗಿದ ಚಿತ್ರ ನಿಜಕ್ಕೂ ಚೆನ್ನಾಗಿತ್ತು. ಕಪ್ಪು ಹಿನ್ನೆಲೆ, ಬಿರುಕುಬಿಟ್ಟ ಎರಡು ಬೆರಳು, ನಡುವೆ ಬೆಳಕು ತುಂಬಿದ ಗೂಡು. ಅಂಚೆಚೀಟಿಯಷ್ಟಾದಾಗಲೂ ಬೆರಳಿನ ಗೀರುಗಳೆಲ್ಲ ಕಣ್ಣನ್ನು ಆ ಗೂಡಿನತ್ತಲೇ ಒಯ್ಯುತ್ತಿದ್ದವು. ಅದು ಗೋಡೆಗೆ ಬಂದ ದಿನ ಅಮ್ಮ ಕಡ್ಲೆಕಾಯಿ ಎನ್ನಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡು ಹತ್ತಿರ ಬಂದು ನೋಡಿದಳು...

ಅಮ್ಮ ಆ ಸುದ್ದಿಯನ್ನು ಘಟಕದಲ್ಲಿ ಹೇಳಿದಳು. ಚಿಂತಾಮಣಿಯ ನೆಂಟರಿಗೆ ಫೋನ್ ಮಾಡಿ ಹೇಳಿದಳು. "ನನ್ನ ಕೈ ಫೋನಲ್ಲಿ ಬರತ್ತಂತೆ. ಮುಖ ಅಲ್ಲ ಕಣೇ, ಕೈ!" ಆ ಹುಡುಗಿ ಪಕ್ಕದಲ್ಲೇ ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತು ಮುದ್ದೆ ಮುರಿಯುತ್ತಿದ್ದಳು. ನಾಚಿಕೆ ಅಂದುಕೊಂಡೆ.

ಆಟ ಆನ್‌ಲೈನ್ ಅಂಗಡಿಗೆ ಬಂದ ದಿನ ನಾನು ರಜೆ ಹಾಕಿ, ಊಟದ ಬಿಡುವಿಗೆ ಸರಿಯಾಗಿ ಘಟಕಕ್ಕೆ ಹೋದೆ. ಬೆಂದ ಹುಳುವಿನ ವಾಸನೆಯ ನಡುವೆ ಹೆಂಗಸರು ಡಬ್ಬಿ ಬಿಚ್ಚಿ ಕೂತಿದ್ದರು. ಎಲ್ಲರೂ ನನ್ನ ಫೋನಿನ ಸುತ್ತ ಸೇರಿದರು. ಆಟದ ಹೆಸರು ಹುಡುಕಿದೆ. ಪುಟ ತೆರೆಯಿತು.

ತಿಳಿಗುಲಾಬಿ ಹಿನ್ನೆಲೆ. ಬೆಣ್ಣೆಯಂಥ ಎಳೆಯ ಕೈ. ಉಗುರಿಗೆ ಬಣ್ಣ. ಗೂಡನ್ನು ಪೆಪ್ಪರ್‌ಮಿಂಟ್ ಹಿಡಿದಂತೆ ಹಿಡಿದಿತ್ತು.

ನಾನು ತಪ್ಪು ಪುಟ ತೆರೆದೆನೆಂದು ಮತ್ತೊಮ್ಮೆ ಹುಡುಕಿದೆ. ಅದೇ ಬಂತು. ಅಮ್ಮನ ಪಕ್ಕ ಕೂತಿದ್ದವಳು ಕತ್ತು ಚಾಚಿ, "ಇದ್ಯಾರ ಕೈ? ನಿಂದಲ್ಲ ಬುಡಕ್ಕ" ಎಂದಳು.

ಅಮ್ಮ ಫೋನನ್ನು ಹತ್ತಿರ ಹಿಡಿದು ನೋಡಿದಳು. ಆಮೇಲೆ ನನಗೆ ವಾಪಸು ಕೊಡುತ್ತ, "ನಂದೇ ಕಣ್ರೇ. ಹರೇದಲ್ಲಿ ಹಿಂಗೇ ಇತ್ತು. ನೀವ್ಯಾರೂ ನೋಡಿಲ್ಲ, ಅಷ್ಟೇ" ಎಂದಳು.

"ಅಬ್ಬೋ, ರಾಣಿಗಾರು!" ಎಂದು ಯಾರೋ ತೆಲುಗಿನಲ್ಲಿ ರೇಗಿಸಿದರು. ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು, ಡಬ್ಬಿಯ ಮುಚ್ಚಳ ಹಾಕಿದಳು. ಅವಳಿನ್ನೂ ಊಟ ಮಾಡಿರಲಿಲ್ಲ.

ಸಂಜೆ ಮಹಡಿಯ ಮೆಟ್ಟಿಲಲ್ಲಿ ಆ ಹುಡುಗಿಯನ್ನು ಕೇಳಿದೆ. "ಯಾವಾಗ ಬದಲಾಯ್ಸಿದೆ?"

"ಆಗ್ಲೇ ಒಂದು ತಿಂಗಳಾಯ್ತಕ್ಕ." ಅವಳು ಸುಳ್ಳು ಹೇಳಲಿಲ್ಲ. ಎರಡೂ ಚಿತ್ರಗಳನ್ನು ಗುರುತಿಲ್ಲದ ಜನರಿಗೆ ತೋರಿಸಿ ನೋಡಿದ್ದಳಂತೆ. ಅಮ್ಮನ ಕೈ ನೋಡಿದವರು ದೆವ್ವದ ಆಟ ಅಂದುಕೊಂಡರು, ಕೆಲವರು ಚರ್ಮರೋಗ ಎಂದರು. ಎಳೆಯ ಕೈ ಇದ್ದ ಚಿತ್ರವನ್ನು ಹೆಚ್ಚು ಜನ ತೆರೆದರು. "ನೀವೇ ಹೇಳಿದ್ರಲ್ಲಕ್ಕ, ಬೆಳಿಗ್ಗೆ ಕಾಫಿ ಕುಡಿಯೋರ ಮುಂದೆ ಮುಖಪುಟದಲ್ಲಿ ಹೆಣದ ಫೋಟೋ ಇಡಲ್ಲ ಅಂತ. ಇದೂ ಹಂಗೇ."

ಅಮ್ಮನ ಕೈಗೆ ಅವಳು ಕೊಟ್ಟ ಹೋಲಿಕೆ ಅದು. ನನ್ನದೇ ಮಾತು.

"ಅಮ್ಮನಿಗೆ ಯಾಕೆ ಹೇಳ್ಲಿಲ್ಲ?"

"ಬಾಯಿ ಬರ್ಲಿಲ್ಲ."

"ದಿನಾ ಅವಳ ಕೈಯಲ್ಲಿ ಬಡಿಸ್ಕೊಂಡು ಉಣ್ಣೋಕೆ ಬಂತಲ್ಲ ಬಾಯಿ" ಎಂದೆ.

ತಿಂಗಳ ಕೊನೆಗೆ ಕೋಣೆ ಖಾಲಿ ಮಾಡಿದಳು. ಮನೆ ಬಿಟ್ಟು ಹೋಗುವ ಹೆಣ್ಣುಮಗಳಿಗೆ ಕೊಡುವಂತೆ ಅಮ್ಮ ಅರಿಸಿನ ಕುಂಕುಮ, ರವಿಕೆ ಬಟ್ಟೆ ಕೊಟ್ಟು, "ಹೋಗ್ಬಾ ಅಮ್ಮಣ್ಣಿ" ಎಂದಳು. ಅವಳು ಕಾಲಿಗೆ ಬಿದ್ದು ಎದ್ದಳು. ನಾನು ಒಳಗಿದ್ದೆ. ಗೇಟು ಹಾಕಿದ ಸದ್ದಷ್ಟೇ ಕೇಳಿತು...

ಆ ಚಿತ್ರ ಬದಲಾಯಿಸಿದ್ದು ತಪ್ಪು ಎಂದು ನಾನು ಈಗಲೂ ಹೇಳಲಾರೆ. ಅವಳ ಕಸುಬಿನ ಲೆಕ್ಕದಲ್ಲಿ ಅದು ಸರಿಯೇ ಇದ್ದಿರಬಹುದು. ಆಟವನ್ನು ಜನ ಆಡಿದರು. ನಮ್ಮಲ್ಲಿಯೂ ಕೊನೆಯ ಗಳಿಗೆಯಲ್ಲಿ ಮುಖಪುಟ ಬದಲಾಗುತ್ತದೆ, ಬರೆದವರಿಗೆ ಬೇಸರವಾಗುತ್ತದೆ, ಮಾರನೆಯ ದಿನ ಅದೇ ಮೇಜಿಗೆ ಬಂದು ಕೂರುತ್ತಾರೆ. ಆದರೆ ಅಮ್ಮ ಒಬ್ಬೊಬ್ಬರಿಗೂ ಹೇಳುತ್ತ ಹೋದ ಆ ತಿಂಗಳು, ತನಗೆ ಎಲ್ಲ ಗೊತ್ತಿದ್ದೂ ಆ ಹುಡುಗಿ ಪಕ್ಕದಲ್ಲಿ ಕೂತು ಕೇಳಿದಳು. ಅದಕ್ಕೆ ನನ್ನ ಬಳಿ ಬೇರೆ ಹೆಸರಿಲ್ಲ, ದ್ರೋಹ ಎಂದೇ ಬರೆಯುತ್ತೇನೆ. ಅವಳು ಈಗ ಯಾವ ಊರಿನಲ್ಲಿದ್ದಾಳೋ ತಿಳಿಯದು. ಬಸ್ಸಿನಲ್ಲಿ ಬರುವಾಗ, ಪುಟದ ಬಗ್ಗೆ ಇದನ್ನು ಅವಳಿಗೆ ಹೇಳಬೇಕು ಅನ್ನಿಸುವ ಸಂಗತಿಗಳು ಈಗಲೂ ಹೊಳೆಯುತ್ತವೆ. ಹೇಳಿಕೊಳ್ಳಲು ಅವಳಿಲ್ಲ.

ಕಳೆದ ವಾರ ಚಿಂತಾಮಣಿಯಲ್ಲಿ ನೆಂಟರ ಮದುವೆ. ಚಪ್ಪರದ ಕೆಳಗೆ ಬಳೆ ತೊಡಿಸುವಾಕೆ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಹೆಂಗಸರು ಸಾಲಾಗಿ ಕೈ ನೀಡಿ ಹಸಿರು ಬಳೆ ತೊಡಿಸಿಕೊಳ್ಳುತ್ತಿದ್ದರು. ಅಮ್ಮನ ಸರದಿ ಬಂತು.

"ಕೈ ಕೊಡಮ್ಮಾ."

"ಅಳತೆ ಹೇಳ್ತೀನಿ, ಕೊಟ್ಬುಡು ತಾಯಿ. ಮನೇಲಿ ನಾನೇ ಹಾಕ್ಕೊಂತೀನಿ."

"ಶಾಸ್ತ್ರ ಅಲ್ವೇನಮ್ಮಾ, ನಾನೇ ತೊಡಿಸ್ಬೇಕು. ಎಲ್ಲಿ, ಕೊಡು."

ಅಮ್ಮ ನಕ್ಕು ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಬಳೆಯಾಕೆ ಸ್ವಲ್ಪ ಹೊತ್ತು ಕಾದಳು. ಆಮೇಲೆ ಪಕ್ಕದವರ ಕೈ ಹಿಡಿದಳು.