ಬೂದಿ ಇಳಿದ ಹೊಂಡ

ನಾನು ಮೀನು ತಿನ್ನುವವನಲ್ಲ. ಆದರೂ ವಿಶಾಖಪಟ್ಟಣದ ಬ್ಯಾಂಕಿನಲ್ಲಿದ್ದ ಕೊನೆಯ ಬೇಸಿಗೆಯಲ್ಲಿ ನನ್ನ ನಿದ್ದೆ ಕೆಟ್ಟದ್ದು ಮೀನಿನಿಂದಲೇ. ಚಿಂತೆ ಮಾಡಲು ಸ್ವಂತ ವಿಷಯವೇ ಬೇಕೆಂಬ ಹಟ ನನಗಿಲ್ಲ, ಪಕ್ಕದ ಮನೆಯದಾದರೂ ನಡೆಯುತ್ತದೆ.

ಮಧುರವಾಡದಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನವರು ಕಾರವಾರದ ಕಡೆಯ ದಂಪತಿ. ನೌಕಾಪಡೆಯಿಂದ ನಿವೃತ್ತರಾದ ಮೇಲೆ ಗಂಡ ಅನಕಾಪಲ್ಲಿಯ ಆಚೆ, ಗುಡ್ಡದ ಬುಡದಲ್ಲಿ ಮೀನಿನ ಹೊಂಡ ಮಾಡಿದ್ದರು. ಆ ವರ್ಷ ಗುಡ್ಡಕ್ಕೆ ಬೆಂಕಿ ಬಿತ್ತು. ಏರಿಯ ಮೇಲಿನ ತಾಳೆಮರಗಳು ಸುಟ್ಟವು. ಮೊದಲ ಮಳೆಗೆ ಗುಡ್ಡದ ಬೂದಿಯೆಲ್ಲ ಹೊಂಡಕ್ಕಿಳಿದು ಮೀನುಗಳು ಸತ್ತು ತೇಲಿದವು.

ನೀರು ಖಾಲಿ ಮಾಡಿ, ಕಪ್ಪು ಕೆಸರು ಎತ್ತಿಸಿ, ತಳ ಬಿರಿಯುವಷ್ಟು ಒಣಗಿಸಿದರು. ಬೂದಿನೀರು ಬೇರೆಡೆ ಹರಿಯಲೆಂದು ಮೇಲ್ಗಡೆ ಕಾಲುವೆ ತೋಡಿಸಿದರು. ಸುಣ್ಣ ಎರಚಲು ನಾನೂ ಹೋಗಿದ್ದೆ. ಗಾಳಿಗೆ ಬೆನ್ನು ಕೊಡುವುದು ಹೊಳೆಯದೆ ಮುಖಕ್ಕೇ ಬಳಿದುಕೊಂಡು ಬಂದೆ. ಹೊಸ ನೀರು ತುಂಬಿದ ಮೇಲೆ ಅವರು ತೀರ್ಮಾನ ಹೇಳಿದರು: ಕೆಲವು ಮರಿಗಳನ್ನು ಬಲೆಯಲ್ಲಿ ಕಟ್ಟಿ ನೀರಿಗೆ ಇಳಿಬಿಡುವುದು. ಬೆಳಗಿನವರೆಗೆ ಬದುಕಿದರೆ ಮತ್ತೆ ಮೀನು ಸಾಕುವುದು, ಸತ್ತರೆ ಹೊಂಡ ಮುಚ್ಚಿಸುವುದು.

"ಇನ್ನೊಂದ್ಸಲ ಸತ್ತ ಮೀನು ಬಾಚೂಕೆ ನನ್ನ ಕೈಲಾಗೂದಿಲ್ಲ," ಎಂದರು.

ಶನಿವಾರ ರಜೆಯಿತ್ತು. ಬಲೆ ಕಾಯುವ ಕೆಲಸ ನಾನೇ ಕೇಳಿ ಪಡೆದೆ. ಗಳಿಗೆಗೊಮ್ಮೆ ಹಗ್ಗ ಎಳೆದು ಬಲೆ ಎತ್ತಿ ನೋಡಿದೆ. ಎತ್ತಿದಾಗೆಲ್ಲ ಮರಿಗಳು ಒದ್ದಾಡುತ್ತಿದ್ದವು. ಅದನ್ನು ಕಂಡು ಗಾಬರಿಯಾಗಿ ಇನ್ನೂ ಬೇಗ ಎತ್ತುತ್ತಿದ್ದೆ. ಬುತ್ತಿ ತಂದ ಅವರ ಹೆಂಡತಿ ದೂರದಿಂದಲೇ ಕೂಗಿದರು.

"ಎಂತ ಮಾಡ್ತಾ ಇದ್ರಿ ಮಾರಾಯ್ರೆ! ಬೂದಿಯಿಂದ ಉಳಿದ್ರೂ ನಿಮ್ಮ ಕೈಯಿಂದ ಉಳಿಯೂದಿಲ್ಲ ಅವು. ಬಿಡಿ ಅಂಡಿ, ಬಿಡಿ!"

ತೆಲುಗಿನ ನೆರೆಹೊರೆ ಅವರ ಬೈಗುಳಕ್ಕೂ, ನಮ್ಮ 'ರೀ'ಯಂಥ 'ಅಂಡಿ' ಸೇರಿಸಿ, ಮರ್ಯಾದೆ ಕಲಿಸಿತ್ತು.

"ಬದುಕಿದಾವಾ ಅಂತ ನೋಡ್ತಿದ್ದೆ, ಅಷ್ಟೇ ಮೇಡಂ."

"ನಿಮ್ಮನ್ನ ಹೀಂಗೇ ನೀರಲ್ಲಿ ಮುಳುಗಿಸಿ ಮುಳುಗಿಸಿ ನೋಡ್ಲಾ?"

ನನ್ನನ್ನು ಸುಟ್ಟ ತಾಳೆಮರದ ಬುಡದಲ್ಲಿ ಕೂರಿಸಿ ಮೊಸರನ್ನ ಕೊಟ್ಟು, ಹಗ್ಗವನ್ನು ತಮ್ಮ ಕಾಲಡಿ ಒತ್ತಿಟ್ಟುಕೊಂಡರು.

ಮರುದಿನ ಬೆಳಿಗ್ಗೆ ಬಲೆ ಎತ್ತಿದ್ದು ಗಂಡ. ನಾನು ಕಣ್ಣು ಮುಚ್ಚಿಕೊಂಡಿದ್ದೆ. ಪಟಪಟ ಸದ್ದು ಕೇಳಿತು. ಕಣ್ಣು ಬಿಟ್ಟಾಗ ಅವರು ಗಂಟು ಬಿಚ್ಚಿ ಮರಿಗಳನ್ನು ಹೊಂಡಕ್ಕೆ ಬಿಡುತ್ತಿದ್ದರು. ಹೆಂಡತಿ ಆಗಲೇ ಮರಿ ಮಾರುವವರಿಗೆ ಫೋನ್ ಹಚ್ಚಿದ್ದರು.

ಈಗ ನನಗೆ ವಿಜಯವಾಡಕ್ಕೆ ವರ್ಗವಾಗಿದೆ. ಗುಡ್ಡದ ಹುಲ್ಲು ಒಣಗುವ ಕಾಲಕ್ಕೆ ಇಲ್ಲಿಂದಲೇ ಚಿಂತೆ ಮಾಡುತ್ತೇನೆ. ಮೊನ್ನೆ ಫೋನ್ ಮಾಡಿದಾಗ ಆಕೆ ಹೇಳಿದರು: "ಕಾಲುವೆ ಚೊಕ್ಕ ಮಾಡ್ಸಿದ್ದೇವೆ, ಮೀನು ಆರಾಮ ಇದ್ದಾವೆ. ನಾವು ಎತ್ತಿ ನೋಡೂಕೆ ಹೋಗ್ಲಿಲ್ಲ."